ಭರ್ತವ್ಯನೂ ಭಾರವೂ: ಮನೆಯ ಪರಿಚಾರಕರನ್ನು ಕುರಿತು ಒಂದು ವಿಚಾರ

ಸವಣೂರಿನ ಚರಿತ್ರೆಯನ್ನು ಬರೆಯುವವರು ನವಾಬರ ವಂಶಾವಳಿಯಿಂದ ಆರಂಭಿಸುವುದು ವಾಡಿಕೆ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನೂ ಹೈದರಾಬಾದಿನ ಸಲಾಬತ್ ಜಂಗನೂ ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳೊಡನೆ ಬಂದು ಈ ಊರನ್ನು ಮುತ್ತಿದುದು, 1783ರಲ್ಲಿ ಉತ್ತರಾದಿ ಮಠದ ಶ್ರೀ ಸತ್ಯಬೋಧತೀರ್ಥರು ಇಲ್ಲಿ ವೃಂದಾವನಸ್ಥರಾದುದು, 1786ರಲ್ಲಿ ಟೀಪೂ ಸುಲ್ತಾನನು ಪಟ್ಟಣವನ್ನು ವಶಪಡಿಸಿಕೊಂಡುದು, 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಸೇರಿಹೋದುದು, ಇವೆಲ್ಲವೂ ವಾಚಕರಿಗೆ ತಿಳಿದ ಸಂಗತಿಗಳೇ ಆಗಿವೆ. ಫಿರಂಗಿಗಳು ಎಲ್ಲಿ ನಿಂತವು, ಸಂಧಿಪತ್ರದಲ್ಲಿ ಯಾವ ಯಾವ ಪ್ರದೇಶಗಳು ಕೈಬಿಟ್ಟವು ಎಂಬುದನ್ನು ಶೋಧಿಸುವವರಿದ್ದಾರೆ. ಆದರೆ ಆ ಮುತ್ತಿಗೆಯಲ್ಲಿ ಕೈಕಾಲು ಕಳೆದುಕೊಂಡು ಮನೆಗೆ ಮರಳಿದವರನ್ನು ಮುಂದೆ ಇಪ್ಪತ್ತು ಮೂವತ್ತು ವರ್ಷ ಯಾರು ಎತ್ತಿ ಕೂಡಿಸಿದರು, ಯಾರು ಉಣಿಸಿದರು ಎಂದು ಕೇಳಿದವರು ವಿರಳ. ನಾನೂ ಕೇಳಿದವನಲ್ಲ. ಮೂವತ್ತು ವರ್ಷ ವ್ಯಾಕರಣ ಧರ್ಮಶಾಸ್ತ್ರಗಳ ಪಾಠ ಹೇಳಿದ ಮೇಲೆ, ಸ್ವಂತ ಮನೆಯಲ್ಲಿಯೇ ಆ ಪ್ರಶ್ನೆಯು ಎದುರಾದಾಗ, ಓದಿದ ಗ್ರಂಥಗಳನ್ನು ಮತ್ತೊಮ್ಮೆ ತೆರೆದು ನೋಡಬೇಕಾಯಿತು. ಅದರ ಫಲವೇ ಈ ಲೇಖನ.

ಇಲ್ಲಿ ಪರಿಚಾರಕರೆಂದರೆ ವೇತನಕ್ಕಾಗಿ ದುಡಿಯುವವರಲ್ಲ, ವೈದ್ಯವಿದ್ಯೆಯನ್ನು ಕಲಿತವರೂ ಅಲ್ಲ. ಒಂದು ಬೆಳಗ್ಗೆ ಮನೆಯಲ್ಲಿ ಒಬ್ಬರು ಬೀಳುತ್ತಾರೆ. ಅದೇ ಬೆಳಗ್ಗೆಯಿಂದ ಮತ್ತೊಬ್ಬರು ಪರಿಚಾರಕರಾಗುತ್ತಾರೆ. ಅವರನ್ನು ಯಾರೂ ನೇಮಿಸುವುದಿಲ್ಲ, ಅವರು ಒಪ್ಪಿದರೋ ಇಲ್ಲವೋ ಎಂದು ಕೇಳುವ ಪದ್ಧತಿಯೂ ಇಲ್ಲ. ಅಂಥವರ ವಿಷಯದಲ್ಲಿ ನಮ್ಮ ಶಾಸ್ತ್ರ, ಶಾಸನ, ಕಥೆಗಳು ಏನನ್ನು ಹೇಳಿವೆ, ಏನನ್ನು ಹೇಳದೆ ಬಿಟ್ಟಿವೆ ಎಂಬುದೇ ಪ್ರಕೃತ ವಿಷಯ.

ಮೊದಲು ಧರ್ಮಶಾಸ್ತ್ರವನ್ನು ನೋಡೋಣ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (ಕ್ರಿ. ಶ. 1076-1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ಬಂಗಾಳವೊಂದನ್ನು ಬಿಟ್ಟು ಬಹುಮಟ್ಟಿಗೆ ಭರತಖಂಡದ ದಾಯವಿಭಾಗಕ್ಕೆಲ್ಲ ಪ್ರಮಾಣವಾಯಿತು. ಯಾಜ್ಞವಲ್ಕ್ಯನು ದಾಯಕ್ಕೆ ಅನರ್ಹರಾದವರನ್ನು ಹೇಳುವಾಗ ಕುರುಡ, ಕುಂಟ, ಹುಚ್ಚ, ಜಡ, ಚಿಕಿತ್ಸೆಗೆ ಮೀರಿದ ರೋಗಿ ಇವರನ್ನು ಪತಿತನ ಸಾಲಿನಲ್ಲಿಯೇ ಸೇರಿಸಿ, ಇವರಿಗೆ ಅಂಶವಿಲ್ಲ, ಆದರೆ ಇವರು ಭರ್ತವ್ಯರು ಎಂದು ವಿಧಿಸಿದ್ದಾನೆ. ವಿಜ್ಞಾನೇಶ್ವರನು ಇದನ್ನು ವಿವರಿಸುತ್ತ, ಅಚಿಕಿತ್ಸ್ಯರೋಗಿಯೆಂದರೆ ಕ್ಷಯ ಮೊದಲಾದವುಗಳಿಂದ ಪೀಡಿತನೆಂದೂ, ವಿಭಾಗವಾದ ಮೇಲೆ ಔಷಧಾದಿಗಳಿಂದ ದೋಷವು ನೀಗಿದರೆ ಅವನಿಗೆ ಭಾಗವು ದೊರೆಯಲೇಬೇಕೆಂದೂ ಹೇಳುತ್ತಾನೆ. ಅವನ ನ್ಯಾಯಬುದ್ಧಿಯು ಇಲ್ಲಿ ಪ್ರಕಾಶಿಸುತ್ತದೆ. ಇಂಥವರಿಗೆ ಶಕ್ತಿಯಿದ್ದಷ್ಟು ಅನ್ನವಸ್ತ್ರಗಳನ್ನು ಆಜೀವವೂ ಕೊಡಬೇಕು, ಕೊಡದವನು ಪತಿತನಾಗುತ್ತಾನೆ ಎಂದು ಮನುವಿನ ಮತ. ಗ್ರಾಸಾಚ್ಛಾದನವೆಂಬುದು ಶಾಸ್ತ್ರದ ಮಾತು. ತುತ್ತು ಮತ್ತು ಹೊದಿಕೆ.

ಇಲ್ಲಿ ಒಂದು ಸಂದೇಹ. ತುತ್ತನ್ನು ಕೊಡಬೇಕೆಂದು ಶಾಸ್ತ್ರವು ಹೇಳಿತು. ಅದನ್ನು ಬಾಯಿಗೆ ಇಡುವವರು ಯಾರು? ಹೊದಿಕೆಯನ್ನು ಕೊಡಬೇಕೆಂದು ಹೇಳಿತು; ನಡುರಾತ್ರಿ ಒದ್ದೆಯಾದ ಹೊದಿಕೆಯನ್ನು ಬದಲಿಸುವವರು ಯಾರು? ದಾಯಭಾಗಪ್ರಕರಣವು ದ್ರವ್ಯದ ವಿಚಾರ, ಶರೀರದ ವಿಚಾರವಲ್ಲ ಎಂದು ಸಮಾಧಾನ ಹೇಳಬಹುದು. ಸರಿ. ಹಾಗಾದರೆ ಶರೀರವಿಚಾರದ ಶಾಸ್ತ್ರಕ್ಕೆ ಹೋಗೋಣ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತಿರುವವನು, ಪರಿಚಾರಕ. ಅವನಲ್ಲಿ ಉಪಚಾರಜ್ಞಾನ, ದಕ್ಷತೆ, ಶುಚಿತ್ವ, ಭರ್ತೃವಿನಲ್ಲಿ ಅನುರಾಗ ಎಂಬ ನಾಲ್ಕು ಗುಣಗಳಿರಬೇಕು. ಈ ಭಾಗವನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ, ಒಂದು ಸಲವೂ ನಿಂತು ನೋಡಿರಲಿಲ್ಲ. ಇಲ್ಲಿ ಭರ್ತೃವೆಂದರೆ ರೋಗಿ. ರೋಗಿಯು ಒಡೆಯ, ಪರಿಚಾರಕನು ಅವನ ಅನ್ನವನ್ನು ಉಣ್ಣುವ ಭೃತ್ಯ. ಯಾಜ್ಞವಲ್ಕ್ಯನಲ್ಲಿ ಅದೇ ರೋಗಿಯು ಭರ್ತವ್ಯ. ಧಾತುವು ಒಂದೇ. ಹೊರುವುದು, ಪೋಷಿಸುವುದು ಎಂಬರ್ಥದ ಭೃ ಧಾತುವಿನಿಂದಲೇ ಭರ್ತೃ, ಭರ್ತವ್ಯ, ಭೃತ್ಯ, ಭರಣ, ಭಾರ ಎಂಬ ಶಬ್ದಗಳೆಲ್ಲ ಹುಟ್ಟಿವೆ. ಒಂದು ಶಾಸ್ತ್ರದ ಕಣ್ಣಿಗೆ ರೋಗಿಯು ಹೊರಲ್ಪಡುವವನು, ಇನ್ನೊಂದರ ಕಣ್ಣಿಗೆ ಅವನೇ ಹೊರುವವನು. ಆಸ್ತಿಯುಳ್ಳ ಅಣ್ಣತಮ್ಮಂದಿರನ್ನು ಧರ್ಮಶಾಸ್ತ್ರವು ಕಂಡಿತು. ಕೂಲಿಯ ಸೇವಕನನ್ನು ಆಯುರ್ವೇದವು ಕಂಡಿತು. ಇವರಿಬ್ಬರ ನಡುವೆ, ಆಸ್ತಿಯೂ ಇಲ್ಲದೆ ಕೂಲಿಯೂ ಇಲ್ಲದೆ ಹೊರುತ್ತಿರುವ ಒಬ್ಬಳಿದ್ದಾಳೆ. ಅವಳಿಗೆ ಅದೇ ಧಾತುವಿನಿಂದ ಬಂದ ಹೆಸರು ಭಾರ್ಯೆ. ವೈಯಾಕರಣರು ಅದಕ್ಕೆ ಹೇಳುವ ಅರ್ಥ, ಭರಿಸಲ್ಪಡತಕ್ಕವಳು ಎಂದು!

ಈ ಸೇವೆಗೆ ಸಂಸ್ಕೃತದಲ್ಲಿ ಇನ್ನೊಂದು ಸುಂದರವಾದ ಶಬ್ದವುಂಟು: ಶುಶ್ರೂಷೆ. ಕೇಳುವುದೆಂಬರ್ಥದ ಶ್ರು ಧಾತುವಿಗೆ ಸನ್ ಪ್ರತ್ಯಯವು ಬಂದು, ಕೇಳಬೇಕೆಂಬ ಇಚ್ಛೆ ಎಂದಾಗಿ, ಆ ಮೇಲೆ ಸೇವೆಯೆಂಬ ಅರ್ಥದಲ್ಲಿ ನಿಂತಿತು. ಪಾಣಿನಿಯು ಇದಕ್ಕೆ ಆತ್ಮನೇಪದವನ್ನು ವಿಧಿಸಿದ್ದಾನೆ. ಸೇವೆಯು ಪರರಿಗಲ್ಲವೇ, ಆತ್ಮನೇಪದವೇಕೆ ಎಂದು ವಿದ್ಯಾರ್ಥಿಗಳು ನಗುವುದುಂಟು, ಅದರಲ್ಲಿ ತತ್ತ್ವವನ್ನು ಹುಡುಕಬೇಕಾದುದಿಲ್ಲ. ಕನ್ನಡದ ಆರೈಕೆಯೂ ಹೀಗೆಯೇ. ಆರಯ್ ಎಂದರೆ ಹಳಗನ್ನಡದಲ್ಲಿ ವಿಚಾರಿಸು, ಹುಡುಕಿ ನೋಡು ಎಂದು. ಮಾತನಾಡಲಾರದ ರೋಗಿಯ ಹತ್ತಿರ ಒಂದು ದಿನ ಕುಳಿತವರಿಗೆ, ಸೇವೆಗೆ ಕೇಳುವುದೆಂತಲೂ ಹುಡುಕುವುದೆಂತಲೂ ಹೆಸರು ಬಂದುದೇಕೆಂದು ಯಾರೂ ತಿಳಿಸಬೇಕಾಗಿಲ್ಲ.

ಶಾಸನಗಳತ್ತ ತಿರುಗಿದರೆ, ಹಿರೇಕೆರೂರಿನಿಂದ ದಕ್ಷಿಣಕ್ಕೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ನಮ್ಮ ನೆರೆಯಲ್ಲಿಯೇ ಇದೆ. ಅಲ್ಲಿಯ ಕೋಡಿಯಮಠದ 1162ರ ಶಾಸನವನ್ನು ರೈಸ್ ಸಾಹೇಬರು 1902ರ ಏಳನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ಕಾಳಾಮುಖ ಗುರುಗಳ ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂಬುದನ್ನು ನಮ್ಮ ಪಂಡಿತರು ಮತ್ತೆ ಮತ್ತೆ ಉದಾಹರಿಸುತ್ತಾರೆ. ಅದೇ ಶಾಸನವು ಮುಂದುವರಿದು, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೂ, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು ಇವರಿಗೂ ಅನ್ನವನ್ನಿಕ್ಕುವ ಸ್ಥಾನವೆಂದೂ, ಅನಾಥರಾದ ರೋಗಿಗಳಿಗೆ ಚಿಕಿತ್ಸೆಯಾಗುವ ಸ್ಥಾನವೆಂದೂ ಆ ಮಠವನ್ನು ವರ್ಣಿಸುತ್ತದೆ. ಎಂಟು ನೂರ ಅರವತ್ತು ವರ್ಷಗಳ ಹಿಂದೆ ನಮ್ಮ ಸೀಮೆಯ ಅಂಚಿನಲ್ಲಿ ಇಂಥ ಸ್ಥಾನವೊಂದು ಇದ್ದುದು ಹೆಮ್ಮೆಯ ಮಾತೇ ಸರಿ. ಆದರೆ ಶಾಸನದ ಸ್ವಭಾವವು ಬೇರೆ. ಕೊಟ್ಟವನ ಬಿರುದುಗಳು ಅದರಲ್ಲಿರುತ್ತವೆ, ಪಡೆದ ಗುರುವಿನ ಪರಂಪರೆಯು ಇರುತ್ತದೆ, ಅಳಿದವನಿಗೆ ಬರುವ ಪಾಪವೂ ಇರುತ್ತದೆ. ಅನ್ನವನ್ನಿಕ್ಕಿದ ಕೈಗೂ ಗಾಯವನ್ನು ತೊಳೆದ ಕೈಗೂ ಶಿಲೆಯ ಮೇಲೆ ಎಡೆಯಿಲ್ಲ.

ಕೈಗಳಿಗೆ ಹೆಸರಿಲ್ಲದಿರುವುದಕ್ಕೆ ಎಲ್ಲಕ್ಕಿಂತ ದೊಡ್ಡ ದೃಷ್ಟಾಂತವು ಆದಿಕಾವ್ಯದಲ್ಲಿಯೇ ಇದೆ. ತಂದೆತಾಯಿಗಳ ಸೇವೆಯೆಂದೊಡನೆ ಶ್ರವಣಕುಮಾರನೆಂದು ಹೇಳುತ್ತೇವೆ. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಆ ಹುಡುಗನಿಗೆ ಆ ಹೆಸರಿಲ್ಲ, ಯಾವ ಹೆಸರೂ ಇಲ್ಲ. ಕುರುಡರಾದ ಮುದುಕ ಮುದುಕಿಯರಿಗೆ ರಾತ್ರಿಯಲ್ಲಿ ನೀರು ತರಲು ಹೋದ ಒಬ್ಬ ತಪಸ್ವಿಯ ಮಗ, ವೈಶ್ಯನಿಗೆ ಶೂದ್ರಸ್ತ್ರೀಯಲ್ಲಿ ಹುಟ್ಟಿದವನು. ಇಷ್ಟೇ ನಮಗೆ ಗೊತ್ತಾಗುವುದು. ಬಾಣವು ತಾಗಿ ಬಿದ್ದಾಗ ಅವನು ತನ್ನ ಪ್ರಾಣಕ್ಕಾಗಿ ಅಳುವುದಕ್ಕಿಂತ ಹೆಚ್ಚಾಗಿ, ಒಂದೇ ಬಾಣದಿಂದ ಆ ಇಬ್ಬರು ಕುರುಡರೂ ಸತ್ತಂತಾಯಿತೆಂದು ಅಳುತ್ತಾನೆ. ಬಾಯಾರಿ ದಾರಿ ನೋಡುತ್ತಿರುವರೆಂದು ಅವನ ಚಿಂತೆ. ಈ ಪ್ರಸಂಗವನ್ನು ನಾವು ದಶರಥನ ಶಾಪಕ್ಕೆ ಕಾರಣವೆಂದು ಓದುತ್ತ ಬಂದಿದ್ದೇವೆ. ಒಬ್ಬನೇ ಪರಿಚಾರಕನಿರುವ ಮನೆಯಲ್ಲಿ ಅವನಿಗೇ ಏನಾದರೂ ಆದರೆ ಮುಂದೇನು ಎಂಬ ಭಯವು ಪ್ರತಿ ರಾತ್ರಿಯೂ ಅವನ ಸಂಗಡ ಮಲಗಿರುತ್ತದೆ. ಆ ಭಯವನ್ನು ಇಷ್ಟು ನಿಚ್ಚಳವಾಗಿ ಹೇಳಿದ ಕವಿಯು ಇನ್ನೊಬ್ಬನನ್ನು ನಾನರಿಯೆ.

ಮಹಾಭಾರತದ ಆಶ್ರಮವಾಸಿಕಪರ್ವದಲ್ಲಿಯೂ ಇಂಥದೊಂದು ಚಿತ್ರವಿದೆ. ಧೃತರಾಷ್ಟ್ರನು ಕಾಡಿಗೆ ಹೊರಟಾಗ ಅವನ ಕೈ ಗಾಂಧಾರಿಯ ಹೆಗಲ ಮೇಲೆ, ಕಣ್ಣು ಕಟ್ಟಿಕೊಂಡ ಗಾಂಧಾರಿಯ ಕೈ ಕುಂತಿಯ ಹೆಗಲ ಮೇಲೆ. ಮಕ್ಕಳು ಗೆದ್ದ ರಾಜ್ಯವನ್ನು ಬಿಟ್ಟು, ಬೇಡವೆಂದು ಮಕ್ಕಳು ಅತ್ತರೂ ಕೇಳದೆ, ಕುಂತಿಯು ಮುಂದೆ ನಡೆದಳು. ನಮ್ಮ ಕುಮಾರವ್ಯಾಸನು ಹತ್ತು ಪರ್ವಗಳಿಗೆ ಕಾವ್ಯವನ್ನು ನಿಲ್ಲಿಸಿದುದರಿಂದ ಗಮಕಿಗಳ ಬಾಯಲ್ಲಿ ಈ ಭಾಗವು ಕೇಳಬರುವುದಿಲ್ಲ. ಕನ್ನಡಿಗರಿಗೆ ಗದಾಯುದ್ಧವು ಗೊತ್ತು, ಆ ಮೂವರ ನಡಿಗೆಯು ಅಷ್ಟಾಗಿ ಗೊತ್ತಿಲ್ಲ.

ಒಂಟಿ ಪರಿಚಾರಕನ ಕಷ್ಟವನ್ನು ಕಥೆಯಾಗಿ ಹೇಳುವುದು ಒಂದು, ಅದಕ್ಕೆ ವಿಧಿಯನ್ನು ಮಾಡುವುದು ಇನ್ನೊಂದು. ವಿಧಿಯು ನನಗೆ ದೊರೆತುದು ಜೈನಾಗಮದಲ್ಲಿ. ಶಿವಾರ್ಯನ ಭಗವತೀ ಆರಾಧನೆಯೆಂಬ ಪ್ರಾಕೃತಗ್ರಂಥದ ಹೆಸರು ನಮ್ಮ ವಡ್ಡಾರಾಧನೆಯ ಮೂಲವಿಚಾರದಲ್ಲಿ ಎಲ್ಲರೂ ಕೇಳಿದ್ದೇ. ಸಲ್ಲೇಖನವನ್ನು ಕೈಕೊಂಡು ಮರಣಕ್ಕೆ ಸಿದ್ಧನಾದ ಕ್ಷಪಕನ ಬಳಿಯಲ್ಲಿರುವ ಪರಿಚಾರಕರಿಗೆ ಅದರಲ್ಲಿ ನಿರ್ಯಾಪಕರೆಂದು ಹೆಸರು, ಅವರ ಸಂಖ್ಯೆ 48. ನಾಲ್ವರು ನಾಲ್ವರಂತೆ ಅವರ ಕೆಲಸಗಳು ಹಂಚಿವೆ. ಮೈಯನ್ನು ಹೊರಳಿಸುವವರು ನಾಲ್ವರು, ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶೋಧಿಸುವವರು ನಾಲ್ವರು, ಆಹಾರಕ್ಕೆ ನಾಲ್ವರು, ಪಾನಕ್ಕೆ ನಾಲ್ವರು, ಧರ್ಮವನ್ನು ಹೇಳುವವರು ನಾಲ್ವರು, ಬಾಗಿಲಲ್ಲಿ ನಾಲ್ವರು, ರಾತ್ರಿ ಎಚ್ಚರವಾಗಿರುವುದಕ್ಕೇ ನಾಲ್ವರು. ಕಾಲವು ಕೆಟ್ಟು ಜನ ಸಿಗದಿದ್ದರೆ ಸಂಖ್ಯೆಯನ್ನು ಇಳಿಸುತ್ತ ಬರಬಹುದು; ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಏಕೆಂದರೆ ನಿರ್ಯಾಪಕನು ಒಬ್ಬನೇ ಆದರೆ, ಅವನು ಭಿಕ್ಷೆಗೆ ಹೋದಾಗ ಕ್ಷಪಕನು ದಿಕ್ಕಿಲ್ಲದವನಾಗುತ್ತಾನೆ, ಹೋಗದಿದ್ದರೆ ತಾನು ಕೆಡುತ್ತಾನೆ. ಹೀಗೆ ತನ್ನನ್ನೂ ಬಿಟ್ಟಂತೆ, ಪರನನ್ನೂ ಬಿಟ್ಟಂತೆ, ಪ್ರವಚನವನ್ನೂ ಬಿಟ್ಟಂತೆ ಆಗುತ್ತದೆ ಎಂದು ಗ್ರಂಥದ ನಿರ್ಣಯ. ಇದು ಸಂಸಾರವನ್ನು ತೊರೆದ ಮುನಿಗಳಿಗಾಗಿ ಬರೆದ ವಿಧಿ ಎಂಬುದನ್ನು ಮರೆಯಬಾರದು. ರಾಗದ್ವೇಷಗಳನ್ನು ಜಯಿಸಹೊರಟವರಿಗೂ ಇಬ್ಬರಾದರೂ ಬೇಕೆಂದು ಆ ಆಚಾರ್ಯನು ಕಂಡುಕೊಂಡನು.

ಚರಕನಲ್ಲಿಯೂ, ಉಪಕಲ್ಪನೀಯವೆಂಬ ಅಧ್ಯಾಯದಲ್ಲಿ, ರಾಜನೋ ಧನಿಕನೋ ಆದ ರೋಗಿಗೆ ಒದಗಿಸಬೇಕಾದ ಜನರ ಎಣಿಕೆಯಿದೆ: ಅಡಿಗೆ ಮಾಡುವವನು, ಸ್ನಾನ ಮಾಡಿಸುವವನು, ಮೈ ಒತ್ತುವವನು, ಎಬ್ಬಿಸುವವನು, ಮಲಗಿಸುವವನು, ಔಷಧಿ ಅರೆಯುವವನು. ಹಾಡು ಕಥೆಗಳಲ್ಲಿ ನಿಪುಣರಾದವರನ್ನೂ ಅಲ್ಲಿಯೇ ಹೇಳಿದೆ.

ಈ ಆರು ಜನರ ಕೆಲಸವನ್ನು ನಮ್ಮ ಮನೆಯಲ್ಲಿ ಮೂರು ವರ್ಷ ನಾಲ್ಕು ತಿಂಗಳು ಒಬ್ಬಳೇ ಮಾಡಿದಳು. ಸಂಶೋಧನಪತ್ರಿಕೆಯಲ್ಲಿ ಗೃಹಕೃತ್ಯವನ್ನು ಬರೆಯುವುದು ಉಚಿತವಲ್ಲವೆಂದು ಕೆಲವರಿಗೆ ತೋರಬಹುದು. ಲಿಖಿತ ಆಧಾರವು ಮೂಕವಾದಲ್ಲಿ ಪ್ರತ್ಯಕ್ಷವನ್ನು ಪ್ರಮಾಣವೆಂದು ಹಿಡಿಯುವುದು ನೈಯಾಯಿಕರಿಗೂ ಸಮ್ಮತವಾದುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ನನ್ನ ತಾಯಿಯವರಿಗೆ ಎಂಬತ್ತೆರಡನೆಯ ವಯಸ್ಸಿನಲ್ಲಿ ಪಕ್ಷಾಘಾತವಾಗಿ ಬಲಗೈ ಬಲಗಾಲು ಹೋದುವು, ಮಾತೂ ಹೋಯಿತು. ಮಕ್ಕಳು ಉದ್ಯೋಗಕ್ಕಾಗಿ ದೂರ ಹೋದವರು. ಮನೆಯಲ್ಲಿ ನಾವಿಬ್ಬರು. ಬೆಳಗ್ಗೆ ಔಷಧಿಯನ್ನು ಕೊಡುವುದು, ಸಂಜೆ ಹಾಸಿಗೆಯ ಬಳಿ ಕುಳಿತು ಭಾಗವತವನ್ನು ಓದುವುದು, ಇವು ನನ್ನ ಪಾಲಿನ ಕೆಲಸಗಳು. ಉಳಿದುದೆಲ್ಲ ನನ್ನ ಪತ್ನಿಯದು. ಊರವರು ನೋಡಲು ಬಂದಾಗ ತಾಯಿಯ ಆರೋಗ್ಯವನ್ನು ಕೇಳುತ್ತಿದ್ದರು, ನನ್ನ ಬೆನ್ನು ತಟ್ಟಿ ಶ್ರವಣಕುಮಾರನೆನ್ನುತ್ತಿದ್ದರು. ಆಕೆಯು ಒಳಗಿನಿಂದ ಕಾಫಿಯನ್ನು ತಂದಿಟ್ಟು ಹೋಗುತ್ತಿದ್ದಳು. ನಾನು ಆ ಮಾತನ್ನು ಬೇಡವೆನ್ನಲಿಲ್ಲ.

ಸಾಮಾಜಿಕವಾಗಿ ಏನಾಗುತ್ತದೆಂಬುದಕ್ಕೆ ಒಂದೇ ನಿದರ್ಶನವು ಸಾಕು. ಸತ್ಯಬೋಧರ ಆರಾಧನೆಯೆಂದರೆ ನಮ್ಮ ಮನೆಗೆ ವರ್ಷದ ದೊಡ್ಡ ಹಬ್ಬ. ಮದುವೆಯಾಗಿ ಬಂದಾಗಿನಿಂದ ಆಕೆಯು ಒಂದು ವರ್ಷವೂ ತಪ್ಪಿಸಿದವಳಲ್ಲ. ಆ ಮೂರು ವರ್ಷಗಳಲ್ಲಿ ಒಮ್ಮೆಯೂ ಹೋಗಲಾಗಲಿಲ್ಲ. ವಾದ್ಯದ ಸದ್ದು ಮನೆಯವರೆಗೆ ಬರುತ್ತಿತ್ತು. ಮೊದಲನೆಯ ವರ್ಷ ನೆರೆಯ ಹೆಂಗಸರು ಬಂದು ಕರೆದರು, ಎರಡನೆಯ ವರ್ಷ ಪ್ರಸಾದವನ್ನು ಕಳುಹಿಸಿದರು, ಮೂರನೆಯ ವರ್ಷ ಅದೂ ಇಲ್ಲ. ಅವರದೇನೂ ತಪ್ಪಿಲ್ಲ. ಹೇಗಾದರೂ ಬರುವುದಿಲ್ಲವೆಂದು ಗೊತ್ತಾದವರನ್ನು ಕರೆಯುವುದು ತಾನಾಗಿಯೇ ನಿಲ್ಲುತ್ತದೆ. ಅರಿಸಿನಕುಂಕುಮಕ್ಕೆ, ತಮ್ಮನ ಮನೆಯ ಗೃಹಪ್ರವೇಶಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ, ಹೀಗೆ ಒಂದೊಂದಾಗಿ ಆಕೆಯ ಹೆಸರು ಊರಿನಿಂದ ಅಳಿಸುತ್ತ ಬಂದಿತು. ರೋಗಿಯು ಹಾಸಿಗೆ ಹಿಡಿದರೆ ಮನೆಯಲ್ಲಿ ಇಬ್ಬರು ಹಾಸಿಗೆ ಹಿಡಿದಂತೆ; ಒಬ್ಬರು ಅದರ ಮೇಲೆ, ಒಬ್ಬರು ಅದರ ಪಕ್ಕದಲ್ಲಿ.

ಮನಸ್ಸಿನ ವಿಷಯವನ್ನು ಹೇಳುವುದು ಕಷ್ಟ. ಎರಡನೆಯ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ತಾಯಿಯವರು ಉಣಿಸುತ್ತಿದ್ದ ಅನ್ನವನ್ನು ಎಡಗೈಯಿಂದ ತಳ್ಳಿಬಿಟ್ಟರು. ಆಕೆಯು ಗಟ್ಟಿಯಾಗಿ ಕೂಗಿಕೊಂಡಳು. ನಾನು ಹೊರಗಿನಿಂದ ಬಂದವನು, ಕ್ಷಮೆಯನ್ನು ಹೊಗಳುವ ಒಂದು ಸುಭಾಷಿತವನ್ನು ಹೇಳಿ, ವೃದ್ಧರ ಸೇವೆಯಲ್ಲಿ ಕೋಪವು ಸಲ್ಲದೆಂದು ಉಪದೇಶಿಸಿದೆನು. ಆಕೆಯು ಚೆಲ್ಲಿದ ಅನ್ನವನ್ನು ಬಳಿಯುತ್ತ, ತಲೆಯೆತ್ತದೆ, “ಆ ಶ್ಲೋಕ ಬರದವರು ರಾತ್ರಿ ಎಷ್ಟು ಸಲ ಎದ್ದಿದ್ರಂತ?” ಎಂದು ಕೇಳಿದಳು. ಆ ಮೇಲೆ ಹಿತ್ತಿಲ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದಳು. ಬಂದು ತಾಯಿಯವರ ಕಾಲನ್ನು ಹಿಡಿದುಕೊಂಡಳು. ಮಾತಿಲ್ಲದ ತಾಯಿಯವರು ಎಡಗೈಯನ್ನು ಆಕೆಯ ತಲೆಯ ಮೇಲಿಟ್ಟರು. ತಳ್ಳಿದುದೂ ಅದೇ ಕೈ. ಉಣ್ಣಿಸಿಕೊಳ್ಳಬೇಕಾದ ಲಜ್ಜೆಯು ಒಬ್ಬರಿಗೆ, ಕೂಗಿಕೊಂಡ ಪಶ್ಚಾತ್ತಾಪವು ಇನ್ನೊಬ್ಬರಿಗೆ. ಎರಡರ ನಡುವೆ ಶ್ಲೋಕವನ್ನು ಹೇಳಿದ ನಾನು. ಆ ದಿನದಿಂದ ರಾತ್ರಿ ಎರಡು ಗಂಟೆಯ ಸರದಿಯನ್ನು ನಾನು ವಹಿಸಿಕೊಂಡೆನು. ಹದಿನೈದು ದಿನಗಳಲ್ಲಿಯೇ ನನ್ನ ಸಿಟ್ಟು ಎಷ್ಟು ಹತ್ತಿರದಲ್ಲಿ ಕುಳಿತಿದೆಯೆಂಬುದು ನನಗೆ ಗೊತ್ತಾಯಿತು.

ಕುಟುಂಬದ ಮೇಲೆ ಹೀಗೆ ಬೀಳುವ ಹೊರೆಯನ್ನು ಅಳೆಯುವ ಪ್ರಯತ್ನವೂ ನಮ್ಮ ನಾಡಿನಲ್ಲಿ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಇವರು ಮನೋರೋಗಿಗಳ ಮನೆಯವರನ್ನು ವಿಚಾರಿಸುವ ಪ್ರಶ್ನಾವಳಿಯೊಂದನ್ನು 1981ರಲ್ಲಿ ಪ್ರಕಟಿಸಿದರು. ಹಣದ ಹಾನಿ, ದಿನಚರ್ಯೆಯ ಭಂಗ, ವಿರಾಮದ ಭಂಗ, ಪರಸ್ಪರ ನಡವಳಿಕೆಯ ಭಂಗ, ಉಳಿದವರ ದೇಹಾರೋಗ್ಯ, ಉಳಿದವರ ಮನಸ್ಸು ಎಂಬ ಆರು ಶಿರೋನಾಮಗಳಲ್ಲಿ ಅವರು ಕೇಳಿದರು. ಅವರು ಬಳಸಿದ ಶಬ್ದಕ್ಕೆ ಕನ್ನಡದಲ್ಲಿ ಸರಿಯಾದ ಮಾತು ಭಾರ. ಮತ್ತೆ ಅದೇ ಧಾತು! ಅಲ್ಲಿ ಭರ್ತವ್ಯನನ್ನು ಬಿಟ್ಟು ಭರಿಸುವವರನ್ನು ಕೇಳಿದರೆಂಬುದೇ ವಿಶೇಷ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿಯೂ, ಮಾನಸಿಕ ಆರೋಗ್ಯದ 2017ರ ಕಾಯಿದೆಯಲ್ಲಿಯೂ ಆರೈಕೆದಾರನಿಗೆ ಲಕ್ಷಣವಾಕ್ಯವು ದೊರೆತಿದೆ; ಎರಡರಲ್ಲಿಯೂ ಪ್ರತಿಫಲವನ್ನು ಪಡೆದಾದರೂ ಪಡೆಯದೆಯಾದರೂ ನೋಡಿಕೊಳ್ಳುವವನು ಎಂದಿದೆ. ಲಕ್ಷಣವು ಬಂದರೆ ಲಕ್ಷ್ಯಕ್ಕೆ ಏನಾದರೂ ಸಿಕ್ಕಿತೆಂದಲ್ಲ. ಆದರೂ ವಿಜ್ಞಾನೇಶ್ವರನಿಂದ ಒಂಬತ್ತು ಶತಮಾನಗಳ ಮೇಲೆ ಕಾನೂನಿನ ಪುಟದಲ್ಲಿ ಅವನಿಗೊಂದು ಸಾಲು ಬಂದಿತು.

ಇಷ್ಟಾದ ಮೇಲೆ, ನಮ್ಮ ಸೀಮೆಯಲ್ಲಿಯೇ ಶಾಸ್ತ್ರದ ಈ ಪದಗಳೆಲ್ಲ ತಲೆಕೆಳಗಾದ ಒಂದು ವೃತ್ತಾಂತವನ್ನು ಹೇಳದಿದ್ದರೆ ವಿಚಾರವು ಅಪೂರ್ಣವಾಗುತ್ತದೆ. ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಕುರುಡು ಬಾಲಕನು ಹುಟ್ಟಿದನು. ಅವನ ಅಣ್ಣ ಗುರುಬಸವಯ್ಯನೂ ಕುರುಡನೇ. ಒಂದು ಬಡ ಮನೆಯಲ್ಲಿ ಇಬ್ಬರು ಭರ್ತವ್ಯರು. ಆ ಕಾಲದ ನ್ಯಾಯಾಲಯಗಳು ಮಿತಾಕ್ಷರೆಯನ್ನನುಸರಿಸಿ ಹುಟ್ಟುಕುರುಡನನ್ನು ದಾಯಕ್ಕೆ ಅನರ್ಹನೆಂದೇ ಎಣಿಸುತ್ತಿದ್ದುವು. 1928ರ ಕಾಯಿದೆಯಿಂದ ಆ ನಿರ್ಬಂಧವು ತೊಲಗಿತು. ಹುಡುಗರ ಹಾಡನ್ನು ಕೇಳಿದ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳು (1867-1930) ಅವರನ್ನು ಕರೆದುಕೊಂಡು ಹೋಗಿ ಸಂಗೀತವಿದ್ಯೆಯನ್ನು ಕಲಿಸಿದರು. ಗದಿಗೆಯ್ಯನು ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮೊದಲಾದವರಲ್ಲಿ ಹಿಂದೂಸ್ಥಾನೀ ಸಂಗೀತವನ್ನೂ ಕಲಿತು ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧನಾದನು. ಇಷ್ಟು ಎಲ್ಲರೂ ಬಲ್ಲ ಕಥೆ.

ಅವರು ಮುಂದೆ ಮಾಡಿದುದು ನಮ್ಮ ವಿಷಯಕ್ಕೆ ಸಂಬಂಧಿಸಿದುದು. ತಮಗೆ ದೊರೆತ ಅನ್ನವನ್ನು ತಾವೊಬ್ಬರೇ ಉಣ್ಣದೆ, ಕುರುಡ ಮತ್ತು ಅನಾಥ ಬಾಲಕರನ್ನು ಸೇರಿಸಿಕೊಂಡು, ಊರಿಂದ ಊರಿಗೆ ತಿರುಗುತ್ತ, ನಾಟಕ ಮಂಡಳಿಯನ್ನು ಕಟ್ಟಿ, ಅದರಿಂದ ಬಂದುದರಲ್ಲಿ ಅವರನ್ನು ಸಾಕಿ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡುದು ಹೀಗೆ. ಅದೇ ಹಾನಗಲ್ಲು ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಎಳೆತನದಲ್ಲಿಯೇ ಕಣ್ಣನ್ನು ಕಳೆದುಕೊಂಡು, ಸೋದರಮಾವನ ಆಸರೆಯಲ್ಲಿ ಬೆಳೆದ ಹುಡುಗನೊಬ್ಬನು ಅಲ್ಲಿಗೆ ಬಂದನು. ಮಾವನ ಹಾರ್ಮೋನಿಯಮ್ಮಿನ ಮೇಲೆ ಹುಡುಗನು ಕೈಯಾಡಿಸಿದುದನ್ನು ಕಂಡು ಆ ಮಾವನೇ ಗವಾಯಿಗಳ ಬಳಿಗೆ ಕರೆತಂದನೆಂದು ಹೇಳುತ್ತಾರೆ. ಅವರೇ ಪುಟ್ಟರಾಜ ಗವಾಯಿಗಳು. ಗುರುಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ, 2010ರ ಸೆಪ್ಟೆಂಬರಿನಲ್ಲಿ ತಾವು ತೀರಿಕೊಳ್ಳುವವರೆಗೆ, ಅರವತ್ತಾರು ವರ್ಷ ಆ ಮಕ್ಕಳ ಹೊರೆಯನ್ನು ಅವರು ಹೊತ್ತರು. ಕುರುಡನೆಂಬ ಕಾರಣದಿಂದ ಶಾಸ್ತ್ರವು ಅಂಶವಿಲ್ಲವೆಂದು ಬದಿಗಿಟ್ಟ ಭರ್ತವ್ಯನೇ ಇಲ್ಲಿ ನೂರಾರು ಜನರಿಗೆ ಭರ್ತೃವಾದನು. ಆಶ್ರಮದ ಕೆಲಸವು ನಡೆದುದು ಒಬ್ಬರಿಂದಲ್ಲವೆಂಬುದನ್ನೂ ಹೇಳಬೇಕು. ಕಣ್ಣಿದ್ದವನು ಕಣ್ಣಿಲ್ಲದವನ ಕೈ ಹಿಡಿದು, ದೊಡ್ಡವನು ಸಣ್ಣವನಿಗೆ ಸ್ವರ ಹೇಳಿಕೊಡುತ್ತ, ಇಂದು ನೋಡಿಕೊಂಡವನನ್ನು ನಾಳೆ ಇನ್ನೊಬ್ಬನು ನೋಡಿಕೊಳ್ಳುವ ಕೂಡುಬಾಳು ಅದು; ಶಿವಾರ್ಯನು ಕಂಡಿದ್ದರೆ ಒಪ್ಪುತ್ತಿದ್ದನು.

ಆದರೆ ನಾನು ಓದಿದ ಚರಿತ್ರೆಗಳಲ್ಲಿ ಸ್ವಾಮಿಗಳು ಬರುವವರೆಗಿನ ಬಾಲ್ಯವು ಕೆಲವೇ ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಕಾಡಶೆಟ್ಟಿಹಳ್ಳಿಯ ಆ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳಿಗೆ ಬಾವಿಯ ದಾರಿಯನ್ನೂ ಒಲೆಯ ಬಿಸಿಯನ್ನೂ ಕಲಿಸಿದ ತಾಯಿಯೂ, ದೇವಗಿರಿಯ ಸೋದರಮಾವನ ಮನೆಯಲ್ಲಿ ಆ ಮಗುವಿಗೆ ನೀರು ಹಾಕಿ ಉಣಿಸಿದ ಹೆಂಗಸರೂ ಗುರುಕೃಪೆಯ ಬೆಳಕಿನಲ್ಲಿ ಕಾಣದಾಗುತ್ತಾರೆ. ಗುರುಗಳ ಮಹಿಮೆಯು ಇದರಿಂದ ಕಡಿಮೆಯಾಗುವುದಿಲ್ಲ. ಜೀವನಚರಿತ್ರೆಯನ್ನು ಬರೆಯುವವರು ಶಾಸನವನ್ನು ಬರೆದವರ ಪದ್ಧತಿಯನ್ನೇ ಅನುಸರಿಸುತ್ತಿದ್ದಾರೆಂದಷ್ಟೇ ನನ್ನ ಆಕ್ಷೇಪ.

ನನ್ನ ತಾಯಿಯವರು ತೀರಿಕೊಂಡು ಐದು ವರ್ಷಗಳಾದುವು. ವರ್ಷಾಂತಿಕವಾಗುವವರೆಗೂ ನನ್ನ ಪತ್ನಿಯು ನಡುರಾತ್ರಿ ಎದ್ದು, ಬರಿದಾದ ಮಂಚದವರೆಗೆ ಹೋಗಿ, ನ��ಂತು, ಮರಳಿ ಬರುತ್ತಿದ್ದಳು. ನಿದ್ದೆಯೊಂದು ಸಿಕ್ಕರೆ ಸಾಕೆಂದು ಮೂರು ವರ್ಷ ಹೇಳಿದವಳು, ಸಿಕ್ಕಾಗ ಮಾಡಲಾರದೆಹೋದಳು. ಈಚೆಗೆ ಈ ಲೇಖನಕ್ಕಾಗಿ ಆ ವರ್ಷಗಳ ಮನೆಯ ಲೆಕ್ಕದ ಪುಸ್ತಕವನ್ನು ತೆಗೆದು ನೋಡಿದೆನು. ನನ್ನ ಕೈಯಿಂದಲೇ ಬರೆದುದು. ವೈದ್ಯರಿಗೆ ಕೊಟ್ಟುದು, ಗುಳಿಗೆಗಳು, ಹಾಸಿಗೆಯ ಮೇಲೆ ಹಾಸುವ ರಬ್ಬರು ಬಟ್ಟೆ, ಗಾಲಿಕುರ್ಚಿ, ಭಾಗವತದ ಮಂಗಳದ ದಕ್ಷಿಣೆ, ಎಲ್ಲವೂ ತಿಥಿವಾರಸಹಿತವಾಗಿ ಇವೆ. ಆಕೆಯ ಹೆಸರು ಮೂರು ವರ್ಷಗಳಲ್ಲಿ ಒಂದೇ ಕಡೆ ಬಂದಿದೆ. ಎರಡನೆಯ ವರ್ಷದ ಕಾರ್ತಿಕದಲ್ಲಿ, ಸೊಂಟದ ನೋವಿಗೆ ಎಣ್ಣೆ, ಒಂದು ಶೀಶೆ.